ಅಗತ್ಯವೆಂಬ ಶಬ್ದ

ನಿತ್ಯವ್ಯವಹಾರದಲ್ಲಿ ನಾವು ‘ಅಗತ್ಯ’ ಎಂಬ ಶಬ್ದವನ್ನು ದಿನಕ್ಕೆ ಎಷ್ಟು ಸಲ ಉಚ್ಚರಿಸುತ್ತೇವೆಂಬುದನ್ನು ಒಮ್ಮೆ ಎಣಿಸಿ ನೋಡಿದರೆ ನಮಗೇ ಆಶ್ಚರ್ಯವಾಗುವುದು. ಮನೆಗೆ ಹೊಸ ಪಾತ್ರೆ ಅಗತ್ಯ, ಮಗನಿಗೆ ಹೊಸ ವಾಹನ ಅಗತ್ಯ, ಮದುವೆಗೆ ಸಾವಿರ ಜನರ ಊಟ ಅಗತ್ಯ, ಜಾತ್ರೆಗೆ ಹೋಗಿಬರಲು ಸಾಲ ಅಗತ್ಯ. ಹೀಗೆ ಬೆಳಗಿನಿಂದ ಇರುಳಿನವರೆಗೆ ನಮ್ಮ ಬಾಯಲ್ಲಿ ಈ ಶಬ್ದ ಸವೆದು ಹೋಗಿದೆ. ಸವೆದ ನಾಣ್ಯದ ಮೇಲಣ ಮುದ್ರೆ ಕಾಣದಂತೆ ಸವೆದ ಶಬ್ದದ ಅರ್ಥವೂ ಕಾಣದಾಗುತ್ತದೆ. ಮುದ್ರೆ ಕಾಣದ ನಾಣ್ಯವನ್ನು ಜಾಣ ವರ್ತಕನು ತಿರುಗಿಸಿ ನೋಡದೆ ಗಲ್ಲೆಗೆ ಹಾಕುವುದಿಲ್ಲ. ಶಬ್ದವನ್ನೇ ಜ್ಯೋತಿಯಾಗಿ ಹಿಡಿದು ನಡೆದ ಶರಣರ ಮನೆಯ ಮಕ್ಕಳಾದ ನಾವು, ನಮ್ಮ ಬಾಯಿಂದ ಹೊರಡುವ ಶಬ್ದವನ್ನು ಒಮ್ಮೆ ತಿರುಗಿಸಿ ನೋಡುವುದು ತಪ್ಪಾಗಲಾರದು.

ಮೊದಲು ಇದರ ನಂಟರಾದ ಶಬ್ದಗಳನ್ನು ವಿಚಾರಿಸೋಣ. ಅಚ್ಚಗನ್ನಡದಲ್ಲಿ ಈ ಅರ್ಥಕ್ಕೆ ನಮಗಿರುವ ಮಾತು ‘ಬೇಕು’ ಎಂಬುದು. ಹಳಗನ್ನಡದಲ್ಲಿ ಅದು ‘ಬೇಳ್ಕುಂ’ ಎಂದಿತ್ತು. ಬಯಸು, ಕೋರು ಎಂಬರ್ಥದ ಧಾತುವಿನಿಂದ ಅದು ಹುಟ್ಟಿತು. ಯಾಚಿಸು ಎಂಬರ್ಥದ ‘ಬೇಡು’ ಎಂಬುದೂ ಅದೇ ಕುಲದ್ದು. ಸಾಕೆಂದು ನಿರಾಕರಿಸುವ ‘ಬೇಡ’ ಎಂಬುದೂ ಅದೇ ಕುಲದ್ದು. ಒಂದೇ ತಾಯಿಯ ಹೊಟ್ಟೆಯಲ್ಲಿ ಕೇಳುವ ಮಗನೂ ಒಲ್ಲೆನೆನ್ನುವ ಮಗನೂ ಹುಟ್ಟಿದಂತಾಯಿತು. ಆದರೆ ‘ಬೇಕು’ ಎಂಬ ಮಾತಿನಲ್ಲಿ ಒಂದು ಎಡರುಂಟು. ಹಸಿದವನು ‘ಅನ್ನ ಬೇಕು’ ಎನ್ನುತ್ತಾನೆ. ಉಂಡವನು ‘ಇನ್ನೊಂದು ಹೋಳಿಗೆ ಬೇಕು’ ಎನ್ನುತ್ತಾನೆ. ಶಬ್ದ ಎರಡು ಕಡೆಯೂ ಒಂದೇ. ಹಸಿವಿಗೂ ಆಸೆಗೂ ಅದು ಗೆರೆ ಎಳೆಯುವುದಿಲ್ಲ.

ಸಂಸ್ಕೃತದಿಂದ ಬಂದ ‘ಅವಶ್ಯ’ ಎಂಬುದು ಸ್ವಲ್ಪ ಬಿಗಿಯಾದ ಶಬ್ದ. ‘ವಶ’ ಎಂದರೆ ಇಚ್ಛೆ, ಅಧೀನತೆ. ನಮ್ಮ ಇಚ್ಛೆಗೆ ವಶವಾಗದುದು, ಬೇಡವೆಂದರೂ ಬಿಡದುದು ಅವಶ್ಯ. ಧರ್ಮಶಾಸ್ತ್ರದಲ್ಲಿ ಬೆಳಗ್ಗೆ ಎದ್ದೊಡನೆ ತೀರಿಸಬೇಕಾದ ದೇಹಬಾಧೆಗೂ ‘ಆವಶ್ಯಕ’ವೆಂದೇ ಹೆಸರು. ಜೈನರಲ್ಲಿ ಮುನಿಗಳು ತಪ್ಪದೆ ಆಚರಿಸಬೇಕಾದ ಆರು ಕ್ರಿಯೆಗಳಿಗೆ ‘ಷಡಾವಶ್ಯಕ’ವೆನ್ನುತ್ತಾರೆ. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಒಂದು ಸೂತ್ರದಲ್ಲಿ ಆವಶ್ಯಕವನ್ನೂ ಆಧಮರ್ಣ್ಯವನ್ನೂ ಜೊತೆಯಾಗಿ ಹೇಳಿದ್ದಾನೆ. ಅಧಮರ್ಣನೆಂದರೆ ಸಾಲಗಾರ, ಆಧಮರ್ಣ್ಯವೆಂದರೆ ಸಾಲಗಾರನ ಸ್ಥಿತಿ. ತಪ್ಪದೆ ಮಾಡತಕ್ಕವನಿಗೂ ಸಾಲ ತೀರಿಸತಕ್ಕವನಿಗೂ ವ್ಯಾಕರಣದಲ್ಲಿ ಒಂದೇ ಪ್ರತ್ಯಯ. ನೂರು ಹಣ ಕೊಡಬೇಕಾದವನು ‘ಶತಂದಾಯೀ’ ಎಂಬುದು ಅಲ್ಲಿಯ ಉದಾಹರಣೆ. ಈ ಜೋಡಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು; ಮುಂದೆ ಇದರ ಕೆಲಸವಿದೆ.

ನಮ್ಮ ಕಡೆಯ ರೈತರ ಬಾಯಲ್ಲಿರುವ ‘ಜರೂರು’ ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ಕಚೇರಿಯ ಕಾಗದಗಳನ್ನು ಹಿಡಿದು ಬಂದ ಶಬ್ದ. ಅದರ ಮೂಲಧಾತುವಿಗೆ ಹಾನಿ, ಕೇಡು ಎಂಬರ್ಥವುಂಟು. ಯಾವುದು ಇಲ್ಲದಿದ್ದರೆ ಕೇಡಾಗುವುದೋ ಅದು ಜರೂರು. ‘ತುರ್ತು’ ಎಂಬುದು ತ್ವರಿತ, ತುರಿತ ಎಂಬ ವೇಗದ ಶಬ್ದಗಳ ಬಳಗಕ್ಕೆ ಸೇರಿದ್ದು. ಅದು ಕಾಲವನ್ನು ಮಾತ್ರ ಹೇಳುತ್ತದೆ. ‘ಅವಸರ’ದ ಕಥೆ ಇನ್ನೂ ಸ್ವಾರಸ್ಯವಾದುದು. ಸಂಸ್ಕೃತದಲ್ಲಿ ಅದಕ್ಕೆ ಸಮಯ, ಸಂದರ್ಭ ಎಂಬರ್ಥ. ಕನ್ನಡದಲ್ಲಿ ಅದು ಆತುರವಾಯಿತು. ನೆರೆಯ ತೆಲುಗಿನಲ್ಲಿ ಅದೇ ಶಬ್ದ ಬೇಕಾದುದು, ಆವಶ್ಯಕತೆ ಎಂಬರ್ಥವನ್ನು ತಾಳಿತು. ಒಂದೇ ಶಬ್ದ ಒಂದು ನಾಡಿನಲ್ಲಿ ಸಮಯ, ಇನ್ನೊಂದರಲ್ಲಿ ಆತುರ, ಮತ್ತೊಂದರಲ್ಲಿ ಕೊರತೆ. ಕೊರತೆಯುಳ್ಳವನಿಗೆ ಆತುರವಿರುತ್ತದೆ, ಆತುರದವನಿಗೆ ಸಮಯ ಮೀರಬಾರದು ಎಂಬ ಲೋಕಾನುಭವವನ್ನು ಈ ಮೂರು ಅರ್ಥಗಳೂ ಹಂಚಿಕೊಂಡಿವೆ.

ಇನ್ನು ‘ಅಗತ್ಯ’ಕ್ಕೆ ಬರೋಣ. ಇದು ‘ಅಗತಿ’ ಎಂಬುದರಿಂದ ಬಂದುದು. ‘ಗತಿ’ ಎಂದರೆ ನಡಿಗೆ, ದಾರಿ, ಉಪಾಯ, ಆಶ್ರಯ, ಕೊನೆಗೆ ಸೇರುವ ನೆಲೆ. ಗತಿಯಿಲ್ಲದಿರುವಿಕೆಯೇ ಅಗತಿ. ಸಂಸ್ಕೃತ ವ್ಯಾಖ್ಯಾನಕಾರರು ‘ಅಗತ್ಯಾ’ ಎಂದು ತೃತೀಯಾ ವಿಭಕ್ತಿಯಲ್ಲಿ ಈ ಶಬ್ದವನ್ನು ಪ್ರಯೋಗಿಸುತ್ತಾರೆ. ‘ಬೇರೆ ದಾರಿಯಿಲ್ಲದುದರಿಂದ’ ಎಂದು ಅದರ ತಾತ್ಪರ್ಯ. ಈ ಪ್ರಯೋಗವೇ ನಮ್ಮ ದಕ್ಷಿಣದ ನುಡಿಗಳಲ್ಲಿ ಗಟ್ಟಿಯಾಗಿ ನಾಮಪದವಾಯಿತು. ತೆಲುಗಿನಲ್ಲಿಯೂ ಇದೇ ಅರ್ಥದಲ್ಲಿ ಉಂಟು. ‘ಗತ್ಯಂತರವಿಲ್ಲ’ ಎಂದು ನಾವು ಆಡುವ ಮಾತೂ ಇದೇ ಭಾವದ್ದು. ಆದುದರಿಂದ ‘ಇದು ನನಗೆ ಅಗತ್ಯ’ ಎಂದು ಒಬ್ಬನು ಹೇಳಿದರೆ, ಶಬ್ದದ ಪ್ರಕಾರ ಅವನು ಹೇಳಿದಂತಾದುದು ಇಷ್ಟು: ‘ನಾನು ಉಳಿದ ದಾರಿಗಳನ್ನೆಲ್ಲ ನೋಡಿ ಬಂದಿದ್ದೇನೆ, ಒಂದೂ ತೆರೆದಿಲ್ಲ, ಇದೊಂದೇ ಉಳಿದಿದೆ.’

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದರ ಬಿಗಿ ಚೆನ್ನಾಗಿ ತಿಳಿಯುವುದು. ‘ಗಂಗೆಯಲ್ಲಿ ಹಳ್ಳಿಯಿದೆ’ ಎಂದರೆ ಹರಿಯುವ ನೀರಿನಲ್ಲಿ ಹಳ್ಳಿಯಿರಲಾರದು. ಮುಖ್ಯಾರ್ಥಕ್ಕೆ ಬಾಧೆ ಬಂತು. ಆಗ ‘ಗಂಗೆಯ ದಡದಲ್ಲಿ’ ಎಂದು ಲಕ್ಷಣೆಯಿಂದ ಅರ್ಥ ಮಾಡುತ್ತೇವೆ. ಮುಖ್ಯಾರ್ಥವು ಹೊಂದುವಲ್ಲಿ ಲಕ್ಷಣೆಗೆ ಕೈಯಿಡಬಾರದು ಎಂಬುದು ಶಾಸ್ತ್ರದ ನಿಯಮ. ನೇರವಾದ ದಾರಿ ಮುಚ್ಚಿದ ಮೇಲೆಯೇ ಸುತ್ತಿನ ದಾರಿ. ಒಂದು ಶಬ್ದದ ಅರ್ಥವನ್ನು ಹೇಳುವಾಗ ಪಂಡಿತರು ಇಷ್ಟು ಸಂಯಮವನ್ನು ಕೇಳುತ್ತಾರಾದರೆ, ಸಂಸಾರದ ಗಂಟನ್ನು ಬಿಚ್ಚುವಾಗ ಗೃಹಸ್ಥನು ಅದರ ಅರ್ಧವನ್ನಾದರೂ ಪಾಲಿಸಬಾರದೇ?

ಈ ವಿವೇಕಕ್ಕೆ ಒಂದು ಹಳೆಯ ನಿದರ್ಶನ ಛಾಂದೋಗ್ಯೋಪನಿಷತ್ತಿನಲ್ಲಿದೆ. ಕುರುದೇಶದಲ್ಲಿ ಬೆಳೆ ಹಾಳಾಗಿ ಕ್ಷಾಮ ಬಂದಿತ್ತು. ಉಷಸ್ತಿ ಚಾಕ್ರಾಯಣನೆಂಬ ವಿದ್ವಾಂಸನು ಪತ್ನಿಯೊಡನೆ ಆನೆಯವನೊಬ್ಬನ ಹಳ್ಳಿಯಲ್ಲಿ ದಿಕ್ಕಿಲ್ಲದೆ ಇದ್ದನು. ಆನೆಯವನು ಬೇಯಿಸಿದ ಕಾಳನ್ನು ತಿನ್ನುತ್ತಿದ್ದಾಗ ಉಷಸ್ತಿಯು ಹೋಗಿ ಕೇಳಿದನು. ತನ್ನ ಎದುರಿಗಿರುವ ಈ ಎಂಜಲಿನ ಕಾಳಲ್ಲದೆ ಬೇರೆ ಇಲ್ಲವೆಂದು ಅವನು ಹೇಳಿದರೂ, ಅದನ್ನೇ ಕೊಡೆಂದು ಈತನು ಪಡೆದು ತಿಂದನು. ಬಳಿಕ ಆನೆಯವನು ಕುಡಿಯಲು ನೀರು ಕೊಡಹೋದಾಗ, ಎಂಜಲು ನೀರು ತನಗೆ ಸಲ್ಲದೆಂದು ಉಷಸ್ತಿಯು ಹಿಂದೆಗೆದನು. ಕಾಳೂ ಎಂಜಲಲ್ಲವೇ ಎಂದು ಅವನು ಕೇಳಿದ್ದು ನ್ಯಾಯವೇ ಆಗಿತ್ತು. ಅದಕ್ಕೆ ಉಷಸ್ತಿಯ ಉತ್ತರದ ಸಾರವಿದು: ಆ ಕಾಳು ಇಲ್ಲದಿದ್ದರೆ ಪ್ರಾಣ ಉಳಿಯುತ್ತಿರಲಿಲ್ಲ, ನೀರಾದರೋ ಇಷ್ಟಬಂದಲ್ಲಿ ದೊರೆಯುವಂಥದು.

ಎಂಜಲು ಮೈಲಿಗೆಗಳ ವಿಚಾರದಲ್ಲಿ ನಮ್ಮ ಶರಣರ ದೃಷ್ಟಿ ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಆ ಮನುಷ್ಯನು ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತಿದ್ದಾಗಲೂ ಗತಿಗಳನ್ನು ಎಣಿಸುವುದನ್ನು ಮರೆಯಲಿಲ್ಲವೆಂಬುದು ನಮಗೆ ಬೇಕಾದ ಮಾತು. ಕಾಳಿಗೆ ಬೇರೆ ದಾರಿಯಿರಲಿಲ್ಲ. ಆದುದರಿಂದ ತನ್ನ ನಿಯಮವನ್ನು ಮುರಿದನು. ನೀರಿಗೆ ದಾರಿಯಿತ್ತು, ಆದುದರಿಂದ ನಿಯಮವನ್ನು ಕಾಯ್ದುಕೊಂಡನು. ಒಂದು ಸಲ ಮುರಿದ ಮೇಲೆ ಎಲ್ಲವೂ ಮುರಿದಂತೆಯೇ ಎಂದು ಅವನು ತಿಳಿಯಲಿಲ್ಲ. ನಮ್ಮಲ್ಲಿ ಅನೇಕರು ಜಾರುವುದು ಇಲ್ಲಿಯೇ. ಒಂದು ನಿಜವಾದ ಅಗತ್ಯಕ್ಕೆಂದು ಸಾಲದ ಬಾಗಿಲನ್ನು ತೆರೆಯುತ್ತೇವೆ. ತೆರೆದ ಬಾಗಿಲಿನಿಂದ ಅಗತ್ಯವಲ್ಲದ ಹತ್ತು ಬಯಕೆಗಳು ಅದೇ ಹೆಸರು ಹೇಳಿಕೊಂಡು ಒಳಗೆ ಬಂದು ಕುಳಿತುಕೊಳ್ಳುತ್ತವೆ.

ಮಗಳ ಮದುವೆಯನ್ನೇ ನೋಡಿರಿ. ಮದುವೆಗೆ ವಧೂವರರು, ಗುರುಗಳು, ನಾಲ್ಕು ಮಂದಿ ಬಂಧುಗಳು, ಮಂಗಳಸೂತ್ರ ಬೇಕು. ಇಷ್ಟಾದರೆ ಕ್ರಿಯೆ ಪೂರ್ಣವಾಯಿತು. ಆದರೆ ‘ಅಗತ್ಯ’ದ ಪಟ್ಟಿ ಬರೆಯಲು ಕುಳಿತರೆ ಹಾಳೆ ಸಾಲುವುದಿಲ್ಲ. ದೊಡ್ಡ ಮಂಟಪ ಅಗತ್ಯ; ಏಕೆಂದರೆ ಪಕ್ಕದ ಮನೆಯವರು ದೊಡ್ಡ ಮಂಟಪದಲ್ಲಿ ಮಾಡಿದರು. ಹದಿನಾರು ಬಗೆಯ ಭಕ್ಷ್ಯ ಅಗತ್ಯ. ಏಕೆಂದರೆ ಬೀಗರು ಏನೆಂದುಕೊಳ್ಳುವರೋ. ಇಲ್ಲಿ ಮುಚ್ಚಿದ ದಾರಿ ಯಾವುದು? ಒಂದೂ ಇಲ್ಲ. ನಾವು ನಡೆಯಲು ಒಪ್ಪದ ದಾರಿಗಳನ್ನು ‘ಇಲ್ಲ’ವೆಂದು ಹೇಳುತ್ತಿದ್ದೇವೆ, ಅಷ್ಟೆ. ಗತ್ಯರ್ಥದ ಧಾತುಗಳಿಗೆಲ್ಲ ಜ್ಞಾನವೆಂಬ ಅರ್ಥವೂ ಉಂಟೆಂದು ವೈಯಾಕರಣರು ಹೇಳುತ್ತಾರೆ. ಹಾಗಾದರೆ ಅಗತಿಯೆಂದರೆ ದಾರಿಯಿಲ್ಲದಿರುವುದು ಮಾತ್ರವಲ್ಲ, ದಾರಿ ಅರಿಯದಿರುವುದೂ ಆದೀತು. ನಮ್ಮ ಅಗತ್ಯಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಯವು. ಅರಿವು ಬಂದರೆ ಅವು ತಾವಾಗಿಯೇ ಉದುರಿಹೋಗುವುವು.

ಈ ಅರಿವಿಗೆ ನಮ್ಮ ಶರಣಪರಂಪರೆಯಲ್ಲಿ ಆಯ್ದಕ್ಕಿ ದಂಪತಿಗಳ ಕಥೆಗಿಂತ ದೊಡ್ಡ ದೃಷ್ಟಾಂತ ಬೇಡ. ಮಾರಯ್ಯನೂ ಲಕ್ಕಮ್ಮನೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮ ಹಿಗ್ಗಲಿಲ್ಲ. ಈ ಆಸೆ ನಿನಗೆಲ್ಲಿಂದ ಬಂತೆಂದು ಗಂಡನನ್ನು ಪ್ರಶ್ನಿಸಿ, ನಿತ್ಯದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಲು ಕಳಿಸಿದಳು.

ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ‘ಹೆಚ್ಚು ಆಸೆಪಡಬಾರದು’ ಎಂಬ ನೀತಿಯೊಂದಿಗೆ ಮುಗಿಸುವುದು ವಾಡಿಕೆ. ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಮನೆಯ ‘ನಿತ್ಯದಷ್ಟು’ ಎಂಬ ಅಳತೆಯಲ್ಲಿ ಗಂಡಹೆಂಡಿರ ಎರಡು ಹೊಟ್ಟೆಗಳು ಮಾತ್ರ ಇರಲಿಲ್ಲ. ಜಂಗಮದಾಸೋಹವೂ ಅದರೊಳಗೇ ಇತ್ತು. ಬಾಗಿಲಿಗೆ ಬಂದವರ ಊಟವನ್ನು ಲೆಕ್ಕದೊಳಗೆ ಸೇರಿಸಿಯೇ ಅವರು ತಮ್ಮ ಅಗತ್ಯವನ್ನು ಅಳೆಯುತ್ತಿದ್ದರು. ನಾಳೆಯ ಚಿಂತೆಗೆಂದು ಕೂಡಿಟ್ಟ ಹಿಡಿಯಕ್ಕಿ ಅವರಿಗೆ ಹೆಚ್ಚಳ. ಇಂದು ಬಂದವನಿಗೆ ಬಡಿಸುವ ಅನ್ನ ಅವರಿಗೆ ಅಗತ್ಯ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ನಾಳೆಗೆ, ನಾಡಿದ್ದಿಗೆ, ಮೊಮ್ಮಕ್ಕಳ ಕಾಲಕ್ಕೆ ಕೂಡಿಡುವುದು ಅಗತ್ಯ, ಮಿಕ್ಕರೆ ದಾಸೋಹ.

ಇಲ್ಲಿಯವರೆಗೆ ಹೇಳಿದುದನ್ನು ನಾನು ಪಾಠಶಾಲೆಯಲ್ಲಿ ಹಲವು ಸಲ ಹೇಳಿದ್ದೇನೆ. ‘ಗತಿ ಇಲ್ಲದಿರುವಿಕೆ ಅಗತಿ’ ಎಂದು ಸಮಾಸವನ್ನು ಬಿಡಿಸುವುದೂ, ಉಷಸ್ತಿಯ ಕಥೆಯನ್ನು ಹೇಳುವುದೂ ನನಗೆ ಅಭ್ಯಾಸವಾಗಿದ್ದಿತು. ಆದರೆ ಆ ಶಬ್ದದ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲವೆಂದು ಈಗ ಒಪ್ಪಿಕೊಳ್ಳಬೇಕಾಗಿದೆ. ನಾಚಿಕೆಯ ಸಂಗತಿಯಾದರೂ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತುಕೊಳ್ಳುವ ಹೊತ್ತಿನಲ್ಲಿ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ನಮ್ಮ ಪಾಠಶಾಲೆಯ ವಿದ್ಯಾರ್ಥಿಯೊಬ್ಬನ ತಂದೆ ನೆನೆದು ನಿಂತಿದ್ದನು. ಹೆಂಡತಿಗೆ ಹೊಟ್ಟೆಯಲ್ಲಿ ಸಹಿಸಲಾಗದ ನೋವೆಂದೂ, ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕಾಗಿದೆಯೆಂದೂ, ಮೂರು ಸಾವಿರ ರೂಪಾಯಿ ಬೇಕೆಂದೂ ಕೇಳಿದನು. ಹಿಂದೆ ಒಮ್ಮೆ ಪಡೆದ ಸಾಲವನ್ನು ಅವನು ತಡವಾಗಿ ತೀರಿಸಿದ್ದನು. ಅದು ನನ್ನ ನೆನಪಿಗೆ ಬಂತು. ನಾನು ನಿಂತಲ್ಲಿಯೇ ಕೇಳಿದೆ: “ಈಗಲೇ ಅಷ್ಟು ಅಗತ್ಯವೇನಪ್ಪಾ? ಬೆಳಗಾಗಲಿ, ನೋಡೋಣ.”

ಅವನು ಸಿಟ್ಟಾಗಲಿಲ್ಲ. ತಲೆಯ ಮೇಲಿನ ಗೋಣಿಯ ಕೊಪ್ಪೆಯನ್ನು ಸರಿಪಡಿಸಿಕೊಂಡು, “ಬ್ಯಾರೆ ದಾರಿ ಇದ್ದಿದ್ರ ಈ ಹೊತ್ತಿನ್ಯಾಗ ನಿಮ್ಮ ಬಾಗಿಲಿಗೆ ಯಾಕ ಬರ್ತಿದ್ದೆರಿ, ಗುರುಗಳ?” ಎಂದನು. ಕೈಮುಗಿದು ಕತ್ತಲೆಯಲ್ಲಿ ಹೊರಟುಹೋದನು.

ಬಾಗಿಲು ಹಾಕಿ ಬಂದು ಕುಳಿತ ಮೇಲೆ ನನಗೆ ತುತ್ತು ಇಳಿಯಲಿಲ್ಲ. ನಾನು ವ್ಯುತ್ಪತ್ತಿ ಹೇಳಿ ಹೇಳಿ ಸವೆಸಿದ್ದ ಶಬ್ದದ ಅರ್ಥವನ್ನು ಅಕ್ಷರ ಬಾರದ ಆ ಮನುಷ್ಯನು ಒಂದೇ ವಾಕ್ಯದಲ್ಲಿ ಹೇಳಿಹೋಗಿದ್ದನು. ಬೇರೆ ದಾರಿ ಇಲ್ಲ, ಆದುದರಿಂದ ಬಂದೆ. ಅಗತ್ಯಾ! ನನ್ನ ಪೆಟ್ಟಿಗೆಯಲ್ಲಿ ಅಂದು ಹಣವಿತ್ತು. ಗ್ರಂಥಗಳನ್ನು ಇಡಲು ಒಂದು ಹೊಸ ಕಪಾಟು ಅಗತ್ಯವೆಂದು ತೆಗೆದಿಟ್ಟ ಹಣ ಅದು. ಛತ್ರಿ ಹಿಡಿದು ಹುಡುಕಿಕೊಂಡು ಹೋದೆ, ಅವನು ಸಿಗಲಿಲ್ಲ.

ಮರುದಿನ ವಿಷಯ ತಿಳಿಯಿತು. ಅವನು ನನ್ನ ಮನೆಯಿಂದ ನೇರವಾಗಿ ಮಠದ ಅಡುಗೆಮನೆಗೆ ಹೋಗಿದ್ದನು. ಅಲ್ಲಿ ಒಲೆ ಆರಿಸಿ ಮಲಗಲು ಹೊರಟಿದ್ದ ಅಡುಗೆಯವರು, ಅವನ ಮಾತು ಪೂರ್ತಿ ಮುಗಿಯುವ ಮೊದಲೇ, ತಮ್ಮ ಸಂಬಳದ ಹಣವನ್ನು ಡಬ್ಬಿಯಿಂದ ತೆಗೆದು ಕೊಟ್ಟು, ವಾಹನವನ್ನೂ ಗೊತ್ತುಮಾಡಿ ಕಳಿಸಿದ್ದರು. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಗಿ ಆ ತಾಯಿ ಉಳಿದಳು. ನಾನು ಅಡುಗೆಯವರನ್ನು, “ನಿಮಗೆ ಅಷ್ಟೊಂದು ನಂಬಿಕೆ ಹೇಗೆ ಬಂತು?” ಎಂದು ಕೇಳಿದೆ. ಅವರು ಹಿಟ್ಟು ನಾದುವುದನ್ನು ನಿಲ್ಲಿಸದೆ, “ಉಣ್ಣಾಕ ಬಂದವರಿಗೆ ಹಸಿವಿ ಐತೇನು ಅಂತ ಕೇಳಿ ನೀಡ್ತೀವೇನ್ರಿ?” ಎಂದರು.

ಅಂದಿನಿಂದ ಈ ಶಬ್ದಕ್ಕೆ ಎರಡು ಮುಖಗಳಿರುವುದು ನನಗೆ ಕಾಣತೊಡಗಿತು. ‘ಅಗತ್ಯ’ವು ಅಳೆಯುವ ಶಬ್ದ. ಆ ಅಳತೆಗೋಲನ್ನು ನನ್ನ ಮೇಲೆ ಇಟ್ಟುಕೊಳ್ಳುವಾಗ ಬಿಗಿಯಾಗಿ ಹಿಡಿಯಬೇಕು: ‘ಎಲ್ಲ ದಾರಿಗಳನ್ನೂ ನೋಡಿದೆಯಾ? ಕಾಳಿಗೆ ಗತಿಯಿಲ್ಲ, ನಿಜ, ನೀರಿಗೂ ಇಲ್ಲವೇ?’ ಅದೇ ಕೋಲನ್ನು ಬಾಗಿಲಿಗೆ ಬಂದವನ ಮೇಲೆ ಇಡಹೋದರೆ ಅದು ಅಳತೆಗೋಲಾಗಿ ಉಳಿಯದೆ ಬಡಿಗೆಯಾಗುತ್ತದೆ. ಏಕೆಂದರೆ ಅವನು ಎಷ್ಟು ಬಾಗಿಲುಗಳನ್ನು ತಟ್ಟಿ ಬಂದಿದ್ದಾನೆಂಬುದು ನಮಗೆ ತಿಳಿಯದು. ಮಾನವುಳ್ಳ ಗೃಹಸ್ಥನು ಮೊದಲು ತನ್ನ ಹೆಂಡತಿಯ ಕಿವಿಯೋಲೆಯನ್ನು ನೋಡುತ್ತಾನೆ. ಬಳಿಕ ಅಣ್ಣತಮ್ಮಂದಿರನ್ನು ನೋಡುತ್ತಾನೆ. ಅದರ ಮೇಲೆ ನೆರೆಯವರನ್ನು ನೋಡುತ್ತಾನೆ. ಎಲ್ಲ ಮುಗಿದ ಮೇಲೆ ನಾಲಗೆಯನ್ನು ಗಟ್ಟಿಮಾಡಿಕೊಂಡು ನಮ್ಮಲ್ಲಿಗೆ ಬರುತ್ತಾನೆ. ನಮ್ಮಲ್ಲಿಗೆ ಬಂದುದೇ ಅವನ ಅಗತಿಗೆ ಪ್ರಮಾಣ.

ಹಾಗಾದರೆ ಮೋಸಗಾರರು ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ದುಡಿಯಬಲ್ಲವನು ದುಡಿಯದೆ ಕೈಚಾಚುವುದನ್ನು ಕಾಯಕಧರ್ಮ ಒಪ್ಪುವುದಿಲ್ಲ. ಅಂಥವನಿಗೆ ಕೆಲಸವನ್ನು ತೋರಿಸುವುದೇ ಸರಿಯಾದ ದಾಸೋಹ. ಆದರೆ ವಿಚಾರಣೆಗೂ ಒಂದು ಸಮಯವುಂಟು. ‘ಅವಸರ’ ಎಂಬುದಕ್ಕೆ ಸಮಯವೆಂದೂ ಆತುರವೆಂದೂ ಕೊರತೆಯೆಂದೂ ಅರ್ಥವಾದುದನ್ನು ಮೇಲೆ ನೋಡಿದೆವು. ನೀರಿನಲ್ಲಿ ಮುಳುಗುತ್ತಿರುವವನನ್ನು ಮೊದಲು ಎಳೆದುಕೊಂಡು, ಬಳಿಕ ಈಜು ಬಾರದವನು ಹೊಳೆಗೆ ಏಕಿಳಿದೆಯೆಂದು ಕೇಳಬಹುದು. ಹತ್ತು ಸಲ ಕೊಟ್ಟು ಒಮ್ಮೆ ಮೋಸಹೋದರೆ ಹಣ ಹೋದೀತು. ಹತ್ತು ಸಲ ಕೇಳಿಕೇಳಿ ಕಳಿಸಿ, ಅವರಲ್ಲಿ ಒಬ್ಬನು ನಿಜವಾಗಿ ಗತಿಯಿಲ್ಲದವನಾಗಿದ್ದರೆ ಹೋಗುವುದು ಯಾವುದು? ಅದನ್ನು ಯಾವ ಅಂಗಡಿಯಲ್ಲಿಯೂ ಮರಳಿ ಕೊಳ್ಳಲಾಗದು.

ಈಗ ಪಾಣಿನಿಯ ಆ ಜೋಡಿಯನ್ನು ನೆನೆಯೋಣ. ಆವಶ್ಯಕವೂ ಸಾಲವೂ ಒಂದೇ ಸೂತ್ರದಲ್ಲಿ ಸೇರಿವೆ. ಒಬ್ಬನು ತನ್ನ ಅಗತ್ಯವನ್ನು ಹೊತ್ತು ನಮ್ಮ ಬಾಗಿಲಿಗೆ ಬಂದ ಕ್ಷಣದಲ್ಲಿ, ಅವನ ಅಗತ್ಯವು ನಮ್ಮ ಆವಶ್ಯಕವಾಗುತ್ತದೆ; ಆವಶ್ಯಕವಾದುದು ಸಾಲವಾಗುತ್ತದೆ. ಅವನು ನಮ್ಮ ಬಳಿ ಸಾಲ ಕೇಳಲು ಬಂದಿದ್ದಾನೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ನಾವೇ ತೀರಿಸಬೇಕಾದ ಸಾಲವೊಂದು ಅವನ ರೂಪದಲ್ಲಿ ಬಂದು ನಿಂತಿರುತ್ತದೆ. ದಾನಕ್ಕೂ ದಾಸೋಹಕ್ಕೂ ಇರುವ ಭೇದವೂ ಇದೇ. ದಾನಿಯು ‘ನಾನು ಕೊಟ್ಟೆ’ನೆನ್ನುತ್ತಾನೆ, ದಾಸೋಹಿಯು ‘ನನ್ನ ಮೇಲಿದ್ದುದು ಇಳಿಯಿತು’ ಎನ್ನುತ್ತಾನೆ. ಸಾಲ ತೀರಿಸಿದವನು ಡಂಗುರ ಹೊಡೆಯುವುದನ್ನು ಯಾರಾದರೂ ಕಂಡಿದ್ದಾರೆಯೇ?

ಸಮೀಪಕಾಲದಲ್ಲಿಯೂ ಇಂಥ ಸಾಲವನ್ನು ತಮ್ಮ ಮೇಲೆ ಎಳೆದುಕೊಂಡ ಮಹನೀಯರು ನಮ್ಮ ನಾಡಿನಲ್ಲಿ ಆಗಿಹೋದರು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನಸ್ಸು ಮಾಡಿದ್ದರೆ ಸುಖವಾಗಿ ಬಾಳಬಹುದಿತ್ತು. ಓಲೆಗರಿಗಳಲ್ಲಿ ಹುದುಗಿದ್ದ ವಚನಗಳು ಜನರ ಕೈಸೇರಬೇಕೆಂಬುದೇ ಅವರಿಗೆ ಅಗತ್ಯವಾಯಿತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಮುಂದೆ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಲೋಕದ ಕಣ್ಣಿಗೆ ಮನೆ ಅಗತ್ಯ, ಮುದ್ರಣಾಲಯ ಹವ್ಯಾಸ. ಅವರ ಲೆಕ್ಕ ಬೇರೆಯಾಗಿತ್ತು. ತಮ್ಮ ವಾಸಕ್ಕೆ ಬಾಡಿಗೆಯ ಮನೆಯಾದರೂ ಗತಿಯುಂಟು. ಹುಳು ತಿನ್ನುತ್ತಿದ್ದ ಓಲೆಗಳಿಗೆ ಬೇರೆ ಗತಿಯಿರಲಿಲ್ಲ. ಇಂದು ನಾವು ವಚನಗಳನ್ನು ಪುಸ್ತಕದಲ್ಲಿ ಓದುತ್ತಿರುವುದರ ಹಿಂದೆ ಆ ಒಂದು ಎಣಿಕೆಯಿದೆ.

ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸಾವಿರಾರು ಮಕ್ಕಳು ಆ ಮಠದಲ್ಲಿ ಅನ್ನವನ್ನೂ ಅಕ್ಷರವನ್ನೂ ವಸತಿಯನ್ನೂ ಪಡೆದು ಬೆಳೆದರು. ಬಂದ ಮಗುವಿನ ಜಾತಿಯನ್ನು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಬಡರೈತನು ಮಗನ ಕೈಹಿಡಿದು ತಂದು ಮಠದ ಅಂಗಳದಲ್ಲಿ ನಿಲ್ಲಿಸಿದನೆಂದರೆ, ಊರಿನಲ್ಲಿ ಓದಿಸಲು ಅವನಿಗೆ ಗತಿಯಿರಲಿಲ್ಲವೆಂದೇ ಅರ್ಥ. ಆ ಅಗತಿಗೆ ಗತಿಯಾಗಿ ನಿಲ್ಲುವುದೇ ಮಠದ ಕೆಲಸವೆಂದು ಪೂಜ್ಯರು ಜೋಳಿಗೆ ಹಿಡಿದು ಊರೂರು ತಿರುಗಿದರು. ತಮಗಾಗಿ ಬೇಡದವರು ಮಕ್ಕಳಿಗಾಗಿ ಬೇಡಿದರು. ‘ಬೇಡು’ ಎಂಬ ಶಬ್ದ ಅವರ ಕೈಯಲ್ಲಿ ಶುದ್ಧವಾಯಿತು.

ಕೊನೆಯಲ್ಲಿ ಒಂದು ಮಾತು. ಕಷ್ಟಕಾಲದಲ್ಲಿ ನಾವೆಲ್ಲರೂ ‘ದೇವರೇ ಗತಿ’ ಎನ್ನುತ್ತೇವೆ. ಅದು ದೊಡ್ಡ ಮಾತು. ಗತಿಯಿಲ್ಲದವರಿಗೆ ಗತಿಯಾಗುವವನು ಶಿವನೇ ಎಂಬುದು ಭಕ್ತನ ನಂಬಿಗೆ. ಆದರೆ ಈ ಮಾತನ್ನು ನನ್ನ ಸಂಕಟದಲ್ಲಿ ನಾನು ಆಡಿದರೆ ಅದು ಪ್ರಾರ್ಥನೆ. ಬಾಗಿಲಲ್ಲಿ ನೆನೆದು ನಿಂತವನಿಗೆ ‘ದೇವರೇ ಗತಿಯಪ್ಪಾ, ಹೋಗಿ ಬಾ’ ಎಂದು ನಾನು ಆಡಿದರೆ ಅದು ಪ್ರಾರ್ಥನೆಯಲ್ಲ. ಅದು ಕದ ಮುಚ್ಚುವ ಸದ್ದು. ಶಿವನು ಅವನಿಗೆ ಗತಿಯಾಗಬೇಕೆಂದು ನಿಶ್ಚಯಿಸಿಯೇ ಅವನನ್ನು ನನ್ನ ಬಾಗಿಲಿಗೆ ಕಳಿಸಿರಬಹುದು. ಕರಸ್ಥಲದಲ್ಲಿ ಲಿಂಗವನ್ನು ಹಿಡಿದ ಕೈಯೇ ಆ ಗತಿಗೆ ಸಾಧನವಾಗಬೇಕು. ಅದೇ ಕೈಯಿಂದ ಕದವನ್ನು ಮುಚ್ಚಿದರೆ, ಹೊರಗೆ ಉಳಿದವನು ಯಾರೆಂಬುದನ್ನು ಭಕ್ತರು ಯೋಚಿಸಿ ನೋಡಬೇಕು.

ಆದುದರಿಂದ ಗೃಹಸ್ಥರಾದ ನಾವು ಈ ಶಬ್ದದ ವಿಷಯದಲ್ಲಿ ಒಂದು ಚಿಕ್ಕ ವ್ರತವನ್ನು ಹಿಡಿಯಬಹುದು. ‘ನನಗೆ ಅಗತ್ಯ’ ಎನ್ನುವ ಮೊದಲು ಮೂರು ದಾರಿಗಳನ್ನಾದರೂ ಎಣಿಸಿ ನೋಡುವುದು. ‘ನನಗೆ ಅಗತ್ಯ’ ಎಂದು ಇನ್ನೊಬ್ಬನು ಹೇಳಿದಾಗ ಎಣಿಸುವುದನ್ನು ಬಿಟ್ಟು ಏಳುವುದು. ಮೊದಲನೆಯದರಿಂದ ಮನೆಯ ಸಾಲ ಕಡಿಮೆಯಾದೀತು. ಎರಡನೆಯದರಿಂದ ಜನ್ಮದ ಸಾಲ ಕಡಿಮೆಯಾದೀತು.

ಆ ಕಪಾಟನ್ನು ನಾನು ಇನ್ನೂ ಕೊಂಡಿಲ್ಲ. ಗ್ರಂಥಗಳು ಗೋಡೆಯ ಗೂಡಿನಲ್ಲಿಯೇ ಇವೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಒರಸಿಡುತ್ತೇನೆ. ಅವಕ್ಕೆ ಅಷ್ಟು ಗತಿ ಸಾಕಾಗಿದೆ. ತೆಗೆದಿಟ್ಟ ಹಣ ಪೆಟ್ಟಿಗೆಯಲ್ಲಿ ಹಾಗೆಯೇ ಇರುತ್ತದೆ. ಖರ್ಚಾದಾಗ ಮತ್ತೆ ತುಂಬಿಡುತ್ತೇನೆ. ಮಳೆಗಾಲದ ರಾತ್ರಿ ಬಾಗಿಲು ಬಡಿದ ಸದ್ದಾದರೆ ಈಗ ಮೊದಲು ಪೆಟ್ಟಿಗೆಯ ಬೀಗದ ಕೈಯನ್ನು ತೆಗೆದುಕೊಂಡು, ಬಳಿಕ ಬಾಗಿಲನ್ನು ತೆರೆಯುವ ರೂಢಿ ಮಾಡಿಕೊಂಡಿದ್ದೇನೆ.